ಅವನಿಗೆ ಊಟ ಹಾಕಿ ಬಂದೆ

ಜೂನ್ ೮

ಪ್ರೀತಿಯ ಅತ್ತೆಗೆ,

ಸುಖವಾಗಿ ತಲುಪಿ ವಾರವಾಯಿತು. ದಿನವೂ ಫೋನ್ ಮಾಡುತ್ತೇನಲ್ಲ, ಮತ್ತೆ ಕಾಗದ ಯಾಕೆ ಅಂದುಕೊಳ್ಳುತ್ತೀರಿ. ಫೋನಿನಲ್ಲಿ ನಮ್ಮಿಬ್ಬರಿಗೂ ‘ಊಟ ಆಯ್ತಾ’, ‘ಅಲ್ಲಿ ಸೆಕೆನಾ’ ಬಿಟ್ಟರೆ ಬೇರೆ ಮಾತು ಹೊರಡುವುದಿಲ್ಲ. ನಿಮ್ಮ ಮಗ ತೀರಿಕೊಂಡ ಮೇಲೆ ಎರಡು ವರ್ಷ ಒಂದೇ ಸೂರಿನಡಿ ಇದ್ದೂ ನಾವು ಹಾಗೇ ಇದ್ದೆವು. ಅವರ ಮಾತು ಬಂದ ಕೂಡಲೇ ನೀವು ಪಾತ್ರೆ ತೊಳೆಯಲು ಏಳುತ್ತಿದ್ದಿರಿ, ನಾನು ಬಟ್ಟೆ ಮಡಚಲು. ಬರೆಯುವಾಗಲಾದರೂ ಸ್ವಲ್ಪ ಬಾಯಿ ಬಿಟ್ಟೇನು ಎಂಬ ಆಸೆ.

ಕೋಣೆ ಪರವಾಗಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯ ಮೇಲಿನ ಮಹಡಿ. ಹಗಲೆಲ್ಲ ಕೆಳಗಿನಿಂದ ಯಂತ್ರ ಓಡಿಸಿ ನೋಡುವ ಸದ್ದು. ಬಟ್ಟೆಯೇ ಇಲ್ಲದೆ ಏನನ್ನೋ ಹೊಲಿಯುತ್ತಿದ್ದಾರೆ ಅನ್ನಿಸುತ್ತದೆ. ಕಿಟಕಿಯಿಂದ ಕೈಚಾಚಿದರೆ ಎದುರು ಕಟ್ಟಡದ ಗೋಡೆ. ಲ್ಯಾಬಿಗೆ ನಡೆದೇ ಹೋಗಬಹುದು.

ಬಸ್ ನಿಲ್ದಾಣದಲ್ಲಿ ನೀವು ‘ಯಾರಾದ್ರೂ ಕೇಳಿದ್ರೆ ನಿನ್ನ ಕೆಲಸ ಏನು ಅಂತ ಹೇಳ್ಲಿ’ ಎಂದಿರಿ. ಬಸ್ಸು ಹೊರಟಿತು. ಈಗ ಹೇಳುತ್ತೇನೆ.

ನಮ್ಮ ಮೈಯ ಜೀವಕೋಶಗಳಲ್ಲಿ ಒಂದು ಕಾವಲು ಪ್ರೋಟೀನ್ ತಯಾರಾಗುತ್ತದೆ. ಕೋಶಕ್ಕೆ ಏಟು ಬಿದ್ದಾಗ, ಅಂದರೆ ಅತಿ ಶಾಖವೋ ಆಮ್ಲಜನಕದ ಕೊರತೆಯೋ ವಿಷವೋ ತಗುಲಿದಾಗ, ಅದು ‘ನಿಲ್ಲು, ಮೊದಲು ರಿಪೇರಿ ಮಾಡಿಕೋ’ ಎನ್ನುತ್ತದೆ. ರಿಪೇರಿಯಾಗದಷ್ಟು ಕೆಟ್ಟಿದ್ದರೆ ‘ಸಾಯಿ’ ಎನ್ನುತ್ತದೆ. ಕೋಶ ಮರ್ಯಾದೆಯಿಂದ ಸಾಯುತ್ತದೆ. ಹಾಗೆ ಸಾಯದೆ ಕೆಟ್ಟ ಕೋಶ ಬೆಳೆಯುತ್ತಲೇ ಹೋದರೆ ಅದೇ ಗೆಡ್ಡೆ.

ಆ ಪ್ರೋಟೀನನ್ನು ಮಾಡುವ ವಿಧಾನ ಡಿಎನ್‌ಎಯಲ್ಲಿರುತ್ತದೆ. ಅದರ ನಕಲು ಆರ್‌ಎನ್‌ಎ. ನಕಲನ್ನು ಓದಿದರೆ ಪ್ರೋಟೀನ್ ಸಿದ್ಧ. ಆದರೆ ನಕಲು ತನ್ನ ಪಾಡಿಗೆ ತಾನು ಓಡಾಡಿಕೊಂಡಿರುವುದಿಲ್ಲ. ಬೇರೆ ಕೆಲವು ಪ್ರೋಟೀನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಅದನ್ನು ಯಾವಾಗ ಓದಬೇಕು, ಎಷ್ಟು ಹೊತ್ತು ಉಳಿಸಬೇಕು ಎಂಬುದು ಅವುಗಳ ಮರ್ಜಿ. ಅಂಥದ್ದೊಂದಕ್ಕೆ ನಮ್ಮ ಲ್ಯಾಬಿನಲ್ಲಿ ‘ಜಿಗಣೆ’ ಎಂದು ಅಡ್ಡಹೆಸರು. ನಾನು ನೋಡಿಕೊಳ್ಳುವ ಗೆಡ್ಡೆಯ ಕೋಶಗಳಲ್ಲಿ ಕಾವಲಿನ ನಕಲು ಸರಿಯಾಗಿಯೇ ಇದೆ. ಆದರೆ ಕಷ್ಟಕಾಲದಲ್ಲಿ ಜಿಗಣೆ ಅದನ್ನು ಕಚ್ಚಿ ಹಿಡಿದುಬಿಡುತ್ತದೆ. ಯಾರೂ ಓದಲಾಗುವುದಿಲ್ಲ, ಕಾವಲುಗಾರ ಹುಟ್ಟುವುದಿಲ್ಲ. ಆ ಹಿಡಿತ ಬಿಡಿಸುವ ದಾರಿ ಹುಡುಕುವುದು ನನ್ನ ಕೆಲಸ.

ಕೋಶಗಳು ಆಸ್ಪತ್ರೆಗಳಿಂದ ಬರುತ್ತವೆ. ಡಬ್ಬಿಯ ಮೇಲೆ ಬರೀ ಸಂಖ್ಯೆ ಇರುತ್ತದೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ.

ನಿಮ್ಮ ಸೊಸೆ


ಜೂನ್ ೨೫

ಮಗಳೇ,

ಕಾಗದ ಬಂತು. ಓದಿ, ನಮ್ಮ ಈಜುಕೊಳದ ಟಿಕೆಟ್ ಕೌಂಟರಿನವಳಿಗೂ ಓದಿ ಹೇಳಿದೆ. ಕಾವಲುಗಾರ ಹುಟ್ಟುವುದೇ ಇಲ್ಲ ಎನ್ನುವಲ್ಲಿಗೆ ಬಂದಾಗ ಅವಳು ‘ಥೇಟ್ ನಮ್ಮ ಪೂಲ್ ಥರಾನೇ’ ಎಂದಳು. ನಮ್ಮ ವಾಚ್‌ಮನ್ ಕೆಲಸ ಬಿಟ್ಟು ತಿಂಗಳಾಯಿತು, ಹೊಸಬ ಬಂದಿಲ್ಲ. ಸಂಜೆ ಗೇಟಿಗೆ ಬೀಗ ಹಾಕುವುದೂ ಈಗ ಈಜು ಕಲಿಸುವ ನನ್ನ ಪಾಲಿನ ಕೆಲಸ.

ಈ ಸಲದ ತಂಡದಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರ್ ಸೇರಿದ್ದಾನೆ. ದೊಡ್ಡ ಆಳು, ಮೀಸೆ ನೋಡಿದರೆ ಹೆದರಿಕೆಯಾಗಬೇಕು. ಸೊಂಟದ ಮಟ್ಟದ ನೀರಿನಲ್ಲಿ ನನ್ನ ಕುತ್ತಿಗೆಗೆ ಜೋತು ಬಿದ್ದು ‘ಮೇಡಂ, ಬಿಡಬೇಡಿ, ಮನೇಲಿ ಹೆಂಡ್ತಿ ಮಕ್ಳಿದಾರೆ’ ಎನ್ನುತ್ತಾನೆ. ‘ನನಗೂ ಮನೆ ಇದೆಯಪ್ಪ, ಕತ್ತು ಬಿಡು’ ಎಂದೆ. ಅವನಿಗೆ ನಿನ್ನ ಜಿಗಣೆಯ ಹೆಸರೇ ಇಟ್ಟಿದ್ದೇನೆ.

ನಿನ್ನ ಕೋಣೆಯ ಕಿಟಕಿಯನ್ನು ದಿನಾ ಬೆಳಗ್ಗೆ ತೆಗೆದಿಟ್ಟು ಪೂಲಿಗೆ ಹೋಗುತ್ತೇನೆ. ಬಂದು ಮುಚ್ಚುತ್ತೇನೆ. ಒಳಗೆ ಗಾಳಿ ಆಡಲಿ ಎಂದು.

ಒಂದು ಮಾತು ಕೇಳಬಾರದು ಎಂದುಕೊಂಡೇ ಇಷ್ಟು ದಿನ ಇದ್ದೆ. ಇಲ್ಲಿಯ ಕಾಲೇಜಿನ ಕೆಲಸ ಚೆನ್ನಾಗಿತ್ತು. ಮಕ್ಕಳು ನಿನ್ನನ್ನು ಇಷ್ಟಪಡುತ್ತಿದ್ದರು. ಅದನ್ನು ಬಿಟ್ಟು, ಕಡಿಮೆ ಸಂಬಳಕ್ಕೆ, ಬಸ್ಸಿನಲ್ಲಿ ಇಡೀ ದಿನ ಕೂರಬೇಕಾದಷ್ಟು ದೂರ, ಆ ಲ್ಯಾಬೇ ಆಗಬೇಕು ಎಂದು ಹಟ ಹಿಡಿದೆಯಲ್ಲ, ಯಾಕೆ? ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಇಲ್ಲಿ ನಾನೊಬ್ಬಳೇ ಮಾತಾಡಿ ಮಾತಾಡಿ ಗೋಡೆಗೂ ಬೇಜಾರಾಗಿದೆ, ಅದಕ್ಕೆ ಕೇಳಿದೆ.

ನಿನ್ನ ಅತ್ತೆ


ಆಗಸ್ಟ್ ೧೧

ಪ್ರೀತಿಯ ಅತ್ತೆಗೆ,

ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಒಂದು ಪೆಟ್ಟು ತಿಂದೆವು.

ಜಿಗಣೆಯೇ ತೊಂದರೆಯ ಮೂಲ ತಾನೇ, ಅದನ್ನು ಪೂರ್ತಿ ಕಿತ್ತು ಹಾಕಿದರಾಯಿತು ಎಂದು ಅದಿಲ್ಲದ ಕೋಶಗಳನ್ನು ಬೆಳೆಸಿದೆವು. ಜ್ವರ ಬಂದ ಮೈಯಂತೆ ಅವಕ್ಕೆ ಶಾಖ ಕೊಟ್ಟೆವು. ಕಾವಲುಗಾರ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ನೋಡಿದರೆ ಶಾಖ ತಗುಲಿದ ಕೂಡಲೇ ನಕಲೇ ಚೂರುಚೂರಾಗಿತ್ತು. ಯಾವುದನ್ನು ಶತ್ರು ಎಂದುಕೊಂಡಿದ್ದೆವೋ ಅದೇ ಅದನ್ನು ಕಾಪಾಡಿಕೊಂಡೂ ಬಂದಿತ್ತು. ಲ್ಯಾಬ್ ನಡೆಸುವ ನಮ್ಮ ಹಿರಿಯ ಮೇಡಂ ಎರಡು ದಿನ ಹಳೆಯ ಪ್ರಯೋಗಗಳ ಟಿಪ್ಪಣಿಗಳನ್ನೇ ತಿರುವಿಹಾಕಿದರು.

ಆಮೇಲೆ ಆರೋಗ್ಯವಾದ ಕೋಶಗಳಲ್ಲಿ ಏನಾಗುತ್ತದೆ ಎಂದು ಮತ್ತೆ ನೋಡಿದೆವು. ಅಲ್ಲಿ ಶಾಖ ತಗುಲಿದಾಗ ಜಿಗಣೆಯ ಮೈಮೇಲೆ ಒಂದು ಜಾಗದಲ್ಲಿ ಪುಟ್ಟ ರಾಸಾಯನಿಕ ಗುರುತು ಬಂದು ಕೂರುತ್ತದೆ. ಅಷ್ಟೇ ಸಾಕು, ಅದರ ಬುದ್ಧಿ ತಿರುಗುತ್ತದೆ. ಅಲ್ಲಿಯವರೆಗೆ ಓದಗೊಡದಿದ್ದ ಜಿಗಣೆ ಆಮೇಲೆ ತಾನೇ ನಿಂತು ನಕಲನ್ನು ಓದಿಸುತ್ತದೆ. ನಮ್ಮ ಗೆಡ್ಡೆಯ ಕೋಶಗಳಲ್ಲಿ ಆ ಗುರುತು ಬಂದು ಕೂರುವುದೇ ಇಲ್ಲ. ಆದ್ದರಿಂದ ಈಗ ಗುರುತು ಇದ್ದಂತೆಯೇ ವರ್ತಿಸುವ, ಆ ಒಂದು ಜಾಗವನ್ನಷ್ಟೇ ಬದಲಿಸಿದ ಜಿಗಣೆಯನ್ನು ತಯಾರಿಸಬೇಕು.

ಸೂಕ್ಷ್ಮದರ್ಶಕಗಳ ಕೋಣೆಯನ್ನು ನೋಡಿಕೊಳ್ಳುವವರು ಒಬ್ಬರಿದ್ದಾರೆ. ಎಲ್ಲರೂ ‘ಲೆನ್ಸ್’ ಎಂದೇ ಕರೆಯುವುದು. ಮಾತು ಕಡಿಮೆ. ಚಹಾ ಕೊಟ್ಟರೂ ಮೊದಲು ಒಂದು ಕಣ್ಣು ಮುಚ್ಚಿ ಲೋಟದೊಳಗೆ ನೋಡುತ್ತಾರೆ. ನನಗೆ ಕೋಣೆಯ ಬೀಗದ ಕೈ ಕೊಟ್ಟು ‘ಯಾವಾಗ ಬೇಕಾದ್ರೂ ಬನ್ನಿ’ ಎಂದಿದ್ದಾರೆ. ಒಳ್ಳೆಯವರು.

ಮೊನ್ನೆ ಮೈ ಬಿಸಿಯಾಗಿತ್ತು, ರಜೆ ಹಾಕಿ ಮಲಗಿದ್ದೆ. ಆದರೂ ಸಂಜೆ ಎದ್ದು ಹೋಗಿ ಅವನಿಗೆ ಊಟ ಹಾಕಿ ಬಂದೆ. ಒಂದು ದಿನ ನೋಡದಿದ್ದರೂ ಏನೋ ಕಳೆದುಕೊಂಡ ಹಾಗಿರುತ್ತದೆ. ಭಾನುವಾರವೂ ಹೋಗುವುದು ಅದಕ್ಕೇ.

ನೀವು ಕೇಳಿದ್ದಕ್ಕೆ ಉತ್ತರ ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ಸೊಸೆ


ಸೆಪ್ಟೆಂಬರ್ ೨

ಮಗಳೇ,

ಈ ಕಾಗದವನ್ನು ಯಾರಿಗೂ ಓದಿ ಹೇಳಿಲ್ಲ.

ನೀನು ಬರೆದಿದ್ದೀಯ, ‘ಅವನಿಗೆ ಊಟ ಹಾಕಿ ಬಂದೆ’ ಎಂದು. ಬರೆಯುವ ಭರದಲ್ಲಿ ಕೈ ಜಾರಿರಬೇಕು. ನನ್ನ ಮಗನನ್ನು ನೀನು ನನ್ನೆದುರು ಯಾವತ್ತೂ ‘ಅವರು’ ಎಂದೇ ಕರೆದವಳು, ಹಾಗಾಗಿ ಇದು ಬೇರೆ ಯಾರೋ ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೈ ಬಿಸಿ ಇದ್ದರೂ ಎದ್ದು ಹೋಗುವಷ್ಟು ಅಕ್ಕರೆ ಎಂದ ಮೇಲೆ ನಾನು ಕೇಳಬೇಕಾದ್ದು ಏನೂ ಉಳಿದಿಲ್ಲ. ಬೀಗದ ಕೈ ಕೊಟ್ಟವರೇ ಇರಬೇಕು ಎಂದುಕೊಂಡೆ. ಅಲ್ಲದಿದ್ದರೆ ಇನ್ನೊಬ್ಬರು.

ನನಗೆ ಬೇಸರವಿಲ್ಲ. ಸುಳ್ಳು ಹೇಳುತ್ತಿದ್ದೇನೆ, ಒಂದು ಸಂಜೆ ಬೇಸರವಾಯಿತು. ಆಮೇಲೆ ಯೋಚಿಸಿದೆ. ಮೂವತ್ತಮೂರಕ್ಕೆ ಬದುಕಿಗೆ ಬಾಗಿಲು ಹಾಕಿಕೊಂಡು ಕೂರು ಎಂದು ಹೇಳಲು ನಾನು ಯಾರು? ಆಸ್ಪತ್ರೆಯಲ್ಲಿ ನೀನು ಅವನಿಗಾಗಿ ಪಟ್ಟ ಪಾಡನ್ನು ಹೆತ್ತವಳಾಗಿ ನಾನು ನೋಡಿದ್ದೇನೆ. ಆ ಋಣ ನನ್ನ ಮೇಲಿದೆಯೇ ಹೊರತು ನಿನ್ನ ಮೇಲೆ ಯಾವುದೂ ಇಲ್ಲ. ಹಾಯಾಗಿ ಮದುವೆಯಾಗು.

ಕೈ ಸುಮ್ಮನಿರಲಿಲ್ಲ. ಅವನ ಅಂಗಿಗಳನ್ನು ಕಪಾಟಿನಿಂದ ತೆಗೆದು ಪೂಲಿನ ಕೆಲಸದವರಿಗೆ ಕೊಟ್ಟೆ. ನಿನ್ನ ಪುಸ್ತಕ, ಬಟ್ಟೆ ಎಲ್ಲವನ್ನೂ ಡಬ್ಬಗಳಲ್ಲಿ ಹಾಕಿ ಕಟ್ಟಿಟ್ಟಿದ್ದೇನೆ. ಎಲ್ಲಿಗೆ ಕಳಿಸಿ ಅನ್ನುತ್ತೀಯೋ ಅಲ್ಲಿಗೆ ಕಳಿಸುತ್ತೇನೆ. ನನ್ನ ಬಗ್ಗೆ ಚಿಂತೆ ಬೇಡ.

ಅವರಿಗೆ ಒಳ್ಳೆಯ ಊಟ ಹಾಕು. ನಿನ್ನ ಅಡುಗೆಯಲ್ಲಿ ಉಪ್ಪು ಯಾವಾಗಲೂ ಒಂದು ಚಿಟಿಕೆ ಮುಂದು.

ಅತ್ತೆ


ಅಕ್ಟೋಬರ್ ೨೦

ಮಗಳೇ,

ಕಾಗದವಿಲ್ಲ. ಫೋನ್ ಮಾಡಿದರೆ ‘ಕೆಲಸದಲ್ಲಿದ್ದೀನಿ ಅತ್ತೆ’ ಎಂದು ಇಟ್ಟುಬಿಡುತ್ತೀಯ. ನಿನ್ನ ದನಿಯಲ್ಲಿ ಸಂತೋಷದಲ್ಲಿರುವವರ ಗಡಿಬಿಡಿ ಕೇಳಿಸುತ್ತಿಲ್ಲ.

ಏನಾದರೂ ತಪ್ಪು ಬರೆದೆನೇ?

ಅತ್ತೆ


ನವೆಂಬರ್ ೯

ಅತ್ತೆ,

ತಪ್ಪು ನಿಮ್ಮದಲ್ಲ. ಆದರೂ ನಿಮ್ಮ ಕಾಗದ ಓದಿ ಕಾಲ ಕೆಳಗಿನ ನೆಲವೇ ಸರಿದ ಹಾಗಾಯಿತು. ‘ಎಲ್ಲಿಗೆ ಕಳಿಸಿ ಅನ್ನುತ್ತೀಯೋ’ ಎಂಬಲ್ಲಿಗೆ ಬಂದು ನಿಂತೆ. ಇಷ್ಟು ದಿನ ಯಾವಾಗ ಹೊರಡಿಸಲಿ ಎಂದು ಕಾಯುತ್ತಿದ್ದರು, ಈಗ ನೆವ ಸಿಕ್ಕಿತು ಎಂದುಕೊಂಡೆ. ಹಾಗಲ್ಲ ಎಂದು ಗೊತ್ತು. ಆದರೆ ಅವತ್ತು ಹಾಗೆಯೇ ಅನ್ನಿಸಿತು, ಆ ಕೋಪದಲ್ಲಿ ಬರೆಯದೆ ಉಳಿದೆ.

ಬೇರೆ ಯಾರೂ ಇಲ್ಲ ಅತ್ತೆ. ಲೆನ್ಸ್ ಅವರಿಗೆ ಕಾಲೇಜಿಗೆ ಹೋಗುವ ಮಗಳಿದ್ದಾಳೆ.

ನಿಮ್ಮೆದುರು ಮರ್ಯಾದೆಗೆ ‘ಅವರು’ ಎನ್ನುತ್ತಿದ್ದೆ. ನಾವಿಬ್ಬರೇ ಇದ್ದಾಗ ಅವನು ನನಗೆ ‘ಅವನು’. ‘ಏನೋ, ಬಾರೋ, ಹೋಗೋ’ ಎಲ್ಲವೂ. ನಾನು ಊಟ ಹಾಕಿ ಬರುತ್ತಿದ್ದದ್ದು ನಿಮ್ಮ ಮಗನಿಗೇ. ಗಾಬರಿಯಾಗಬೇಡಿ, ನನಗೆ ಬುದ್ಧಿ ಕೆಟ್ಟಿಲ್ಲ. ಸರಿಯಾಗಿ ಹೇಳುತ್ತೇನೆ.

ಆಪರೇಷನ್ನಿನ ಹಿಂದಿನ ದಿನ ನೀವು ಔಷಧಿ ತರಲು ಕೆಳಗೆ ಹೋಗಿದ್ದಿರಿ. ಡಾಕ್ಟರು ಬಂದು, ತೆಗೆಯುವ ಗೆಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡಬಹುದೇ ಎಂದು ಕೇಳಿದರು. ಅವನು ನಕ್ಕು, ‘ಕೊಡಿ ಡಾಕ್ಟ್ರೇ, ಇಷ್ಟು ದಿನ ನಮ್ಮನೇಲಿ ಬಿಟ್ಟಿ ಊಟ ಮಾಡ್ಕೊಂಡಿತ್ತು, ಇನ್ನಾದ್ರೂ ದುಡೀಲಿ’ ಎಂದ. ಯಾವ ಲ್ಯಾಬಿಗೆ ಹೋಗುತ್ತದೆ ಎಂದೂ ಕೇಳಿ ತಿಳಿದುಕೊಂಡ. ಡಬ್ಬಿಯ ಮೇಲೆ ಹಾಕುವ ಸಂಖ್ಯೆಯನ್ನು ನನಗೆ ಬಾಯಿಪಾಠ ಮಾಡಿಸಿದ. ‘ನೆನಪಿಟ್ಕೊಳೇ, ಲಾಟರಿ ಹೊಡೆದ್ರೆ ನಿಂದೇ’ ಎಂದ. ಸಹಿ ಹಾಕಿದ. ನೀವು ಬರುವಷ್ಟರಲ್ಲಿ ಮಾತು ಬೇರೆ ಕಡೆಗೆ ಹೋಗಿತ್ತು.

ಆ ಚೂರಿನಿಂದ ಬೆಳೆಸಿದ ಕೋಶಗಳು ಇಲ್ಲಿವೆ. ಗಾಜಿನಂಥ ತಟ್ಟೆಗಳಲ್ಲಿ, ಮೈಯ ಬಿಸುಪಿನಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ ಇನ್ನೂ ಬದುಕಿವೆ, ಬೆಳೆಯುತ್ತಿವೆ. ಹಳೆಯ ದ್ರವ ತೆಗೆದು ಹೊಸದು ಹಾಕುವುದಕ್ಕೆ ನಮ್ಮಲ್ಲಿ ಊಟ ಹಾಕುವುದು ಎನ್ನುತ್ತೇವೆ. ಈ ಲ್ಯಾಬೇ ಆಗಬೇಕು ಎಂದು ಹಟ ಹಿಡಿದದ್ದು ಅದಕ್ಕೆ. ಇಲ್ಲಿ ಯಾರಿಗೂ ಹೇಳಿಲ್ಲ.

ಅದು ಅವನಲ್ಲ, ಅವನನ್ನು ಕೊಂದದ್ದು ಎಂದು ನನಗೆ ಗೊತ್ತು. ಆದರೆ ಅದರ ಒಳಗಿರುವ ವಿಧಾನವೆಲ್ಲ ಅವನದೇ. ನಿಮ್ಮಿಂದ ಬಂದದ್ದು, ಮಾವನವರಿಂದ ಬಂದದ್ದು. ಈ ಭೂಮಿಯ ಮೇಲೆ ಅವನದು ಎಂದು ಇನ್ನೂ ಉಸಿರಾಡುತ್ತಿರುವುದು ಅದೊಂದೇ.

ಈಗ ಇನ್ನೂ ಕಷ್ಟದ ಮಾತು. ನಮ್ಮ ಪ್ರಯೋಗ ಗೆದ್ದರೆ, ಬದಲಿಸಿದ ಜಿಗಣೆ ಸರಿಯಾಗಿ ಕೆಲಸ ಮಾಡಿದರೆ, ಕಾವಲುಗಾರ ಹುಟ್ಟುತ್ತಾನೆ, ತಟ್ಟೆಯಲ್ಲಿರುವ ಕೋಶಗಳು ಸಾಯುತ್ತವೆ. ಹೆಪ್ಪುಗಟ್ಟಿಸಿಟ್ಟ ಸೀಸೆಗಳು ಬೇರೆ ಇವೆ, ಎಲ್ಲವೂ ಮುಗಿದುಹೋಗುವುದಿಲ್ಲ ಎಂದು ತಲೆಗೆ ಗೊತ್ತು. ಆದರೆ ಇಷ್ಟು ದಿನ ಊಟ ಹಾಕಿದ ಕೈಯಿಂದಲೇ ಮಾಡಬೇಕು.

ಕೆಲಸ ಇನ್ನೂ ಅಲ್ಲಿಗೆ ಬಂದಿಲ್ಲ. ತಯಾರಿ ನಡೆಯುತ್ತಿದೆ.

ನಿಮ್ಮ ಸೊಸೆ


ನವೆಂಬರ್ ೧೭

ನನ್ನ ಮಗನನ್ನು ತಿಂದದ್ದಕ್ಕೆ ನೀನು ಬೆಚ್ಚಗೆ ಜಾಗ ಮಾಡಿ ಊಟ ಹಾಕುತ್ತೀಯ. ಮೈ ಬಿಸಿ ಇದ್ದರೂ ಎದ್ದು ಹೋಗುತ್ತೀಯ. ಹಾವಿಗೆ ಹಾಲೆರೆಯುವುದು ಎಂದು ಕೇಳಿದ್ದೆ. ನಮ್ಮ ಮನೆಯವರೇ ಎರೆಯುತ್ತಾರೆ ಎಂದುಕೊಂಡಿರಲಿಲ್ಲ.

ಅವನು ಸಹಿ ಹಾಕುವಾಗ ನಾನು ಕೆಳಗೆ ಸಾಲಿನಲ್ಲಿ ನಿಂತಿದ್ದೆ. ನನಗೆ ಯಾರೂ ಹೇಳಲಿಲ್ಲ. ಅವನೂ ಹೇಳಲಿಲ್ಲ, ನೀನೂ ಹೇಳಲಿಲ್ಲ.

ಸದ್ಯಕ್ಕೆ ಬರೆಯಬೇಡ.


ನವೆಂಬರ್ ೩೦

ಮಗಳೇ,

ಹೋದ ಕಾಗದವನ್ನು ಹರಿದು ಹಾಕು.

ಇವತ್ತು ಪೂಲಿನ ನೀರು ಬದಲಿಸುವ ದಿನ, ತರಗತಿ ಇರಲಿಲ್ಲ. ಖಾಲಿ ಪೂಲಿನ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ನೀರಿಲ್ಲದಾಗ ಅದು ಎಷ್ಟು ಆಳ ಎಂದು ಗೊತ್ತಾಗುತ್ತದೆ. ಟಿಕೆಟ್ ಕೌಂಟರಿನವಳು ಪಕ್ಕದಲ್ಲಿ ಬಂದು ಕೂತು ‘ಏನಕ್ಕಾ, ಮುಖ ಹಿಂಗಿದೆ’ ಎಂದಳು. ‘ದೂರದಲ್ಲಿ ನಮ್ಮೋರು ಒಬ್ರು ಇದಾರೆ ಅಂತ ಈಗ ಗೊತ್ತಾಯ್ತು ಕಣೇ’ ಎಂದೆ. ಬಾಯಿ ತಪ್ಪಿ ಬಂತು. ಅವಳು ‘ಮತ್ತೆ ಹೋಗಿ ನೋಡ್ಕೊಂಡು ಬನ್ನಿ’ ಎಂದು ಎದ್ದು ಹೋದಳು. ಅವಳಿಗೆ ಎಲ್ಲವೂ ಸಲೀಸು.

ನಾನೂ ನೋಡಬಹುದೇ? ಬೈಯಬೇಕು ಅನ್ನಿಸಿದರೆ ಬೈದು ಬರುತ್ತೇನೆ. ಇನ್ನೇನು ಮಾಡುತ್ತೇನೋ ಗೊತ್ತಿಲ್ಲ. ಆದರೆ ನೋಡಬೇಕು.

ಇನ್ನೊಂದು ಮಾತು. ‘ಏನೋ, ಬಾರೋ’ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಮನೆಯ ಗೋಡೆ ತೆಳು. ಒಂದು ದಿನ ‘ಕತ್ತೆ’ ಎಂದೂ ಕೇಳಿಸಿತ್ತು. ಸರಿಯಾಗೇ ಹೇಳಿದ್ದಾಳೆ ಎಂದುಕೊಂಡಿದ್ದೆ.

ಅತ್ತೆ


ಡಿಸೆಂಬರ್ ೬

ಅತ್ತೆ,

ಬನ್ನಿ. ಹಿರಿಯ ಮೇಡಂಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಇನ್ನೊಂದು ಕೆಲಸಕ್ಕೆ ಹಾಕುತ್ತಾರೆ ಎಂದು ಹೆದರಿದ್ದೆ. ಕನ್ನಡಕ ತೆಗೆದು ಒರೆಸಿಕೊಂಡು, ‘ಅವರನ್ನ ಕರ್ಸು. ಪ್ರಯೋಗ ನೀನು ಮಾಡ್ಬೇಕೋ ಬೇರೆಯವರು ಮಾಡ್ಬೇಕೋ, ಆಮೇಲೆ ನೀನೇ ಹೇಳು’ ಎಂದರು.

ಇಪ್ಪತ್ತೆರಡಕ್ಕೆ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ದಪ್ಪ ಸ್ವೆಟರ್ ತನ್ನಿ, ಲ್ಯಾಬಿನಲ್ಲಿ ಚಳಿ.

ನಿಮ್ಮ ಸೊಸೆ


ಜನವರಿ ೪

ಮಗಳೇ,

ಮನೆಗೆ ಬಂದು ಮುಟ್ಟಿದೆ. ಅಲ್ಲಿ ನಿನ್ನೆದುರು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ನಿನ್ನ ಕೋಣೆಯಲ್ಲಿ ಒಂದೇ ಮಂಚದ ಮೇಲೆ ಅಷ್ಟು ದಿನ ಮಲಗಿದರೂ ಇಬ್ಬರೂ ಗೋಡೆಯ ಕಡೆಗೇ ತಿರುಗಿಕೊಂಡಿದ್ದೆವು.

ನಾನು ಬೈಯಲೆಂದೇ ಬಂದಿದ್ದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಆ ನೀಲಿ ಗೌನು, ಟೋಪಿ, ಕೈಗವಸು ಹಾಕಿಸಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಿರಿ. ಲೆನ್ಸ್ ತಟ್ಟೆ ಇಟ್ಟು ತಿರುಗಣೆ ತಿರುಗಿಸಿದರು. ಮೊದಲು ಬರೀ ಮಂಜು. ಆಮೇಲೆ ಕಂಡಿತು.

ಏನನ್ನು ನಿರೀಕ್ಷಿಸಿದ್ದೆನೋ. ಕಪ್ಪಗೆ, ವಿಕಾರವಾಗಿ, ಹಲ್ಲು ಕಿರಿದುಕೊಂಡು ಇರುತ್ತದೆ ಎಂದುಕೊಂಡಿದ್ದೆನೋ ಏನೋ. ಹಾಗಿರಲಿಲ್ಲ. ತಿಳಿಯಾಗಿ, ಒಂದಕ್ಕೊಂದು ಒರಗಿಕೊಂಡು, ಕೆಲವು ಕೈಕಾಲು ಚಾಚಿದ ಹಾಗೆ ಇದ್ದವು. ಹುಟ್ಟಿದ ಕೂಸನ್ನು ನೋಡಲು ಹೋದವರು ಮೂಗು ಅಪ್ಪನದು, ಹಣೆ ಅಜ್ಜಿಯದು ಎಂದು ಹುಡುಕುತ್ತಾರಲ್ಲ, ನಾನೂ ಹಾಗೆ ಹುಡುಕಿದೆ. ಎಲ್ಲಿಂದ ಸಿಗಬೇಕು? ಲೆನ್ಸ್ ಅವರನ್ನು ‘ಇದರಲ್ಲಿ ಅವನದು ಯಾವುದು’ ಎಂದು ಕೇಳಿದೆ. ಪಾಪ, ಅವರು ಏನು ಹೇಳಿಯಾರು. ‘ಎಲ್ಲಾನೂ ಅಮ್ಮಾ’ ಎಂದರು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. ಅಷ್ಟು ಹೊತ್ತು ನಾನು ಕಣ್ಣು ಕೀಳದೆ ಇದ್ದದ್ದು ಆಸೆಯಿಂದ ಎಂದು ನೀನು ತಿಳಿದಿರಬೇಕು. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ, ಎತ್ತಿದರೆ ನಿನಗೆ ಗೊತ್ತಾಗುತ್ತದೆ ಎಂದು ಹಾಗೇ ಬಗ್ಗಿಕೊಂಡಿದ್ದೆ.

ನಿನಗೆ ಹುಷಾರಿಲ್ಲದಿದ್ದ ಕಾರಣ ಬಸ್ಸಿಗೆ ಬಿಡಲು ಲೆನ್ಸ್ ಬಂದಿದ್ದರಲ್ಲ. ಬಸ್ಸು ಬಂದ ಮೇಲೆ ಬಾಯಿ ಬಿಟ್ಟರು. ‘ಅಮ್ಮಾ, ಬದಲಾಯಿಸಿದ ಜಿಗಣೆ ಅಕ್ಟೋಬರಿನಿಂದ ರೆಡಿಯಾಗಿ ಕೂತಿದೆ. ನಿಮ್ಮ ಸೊಸೆ ಒಂದು ದಿನ ದ್ರವ ಸರಿಯಿಲ್ಲ ಅಂತಾರೆ, ಒಂದು ದಿನ ಯಂತ್ರ ಸರಿಯಿಲ್ಲ ಅಂತಾರೆ. ಯಂತ್ರ ನೋಡ್ಕೊಳ್ಳೋನು ನಾನು. ಯಂತ್ರ ಚೆನ್ನಾಗೇ ಇದೆ.’

ನನಗೆ ನೀನು ‘ಕೆಲಸ ಇನ್ನೂ ಅಲ್ಲಿಗೆ ಬಂದಿಲ್ಲ’ ಎಂದು ಬರೆದಿದ್ದೆ.

ನಿನ್ನನ್ನು ದೂರುತ್ತಿಲ್ಲ. ಆಸ್ಪತ್ರೆಯಲ್ಲಿ ಕೊನೆಗೆ ಆ ಉಸಿರಿನ ಯಂತ್ರ ತೆಗೆಯಲೇ ಎಂದು ಡಾಕ್ಟರು ಕೇಳಿದಾಗ ನಾನು ನಿನ್ನ ಮುಖ ನೋಡಿದೆ, ನೀನು ನನ್ನ ಮುಖ ನೋಡಿದೆ. ಇಬ್ಬರೂ ಹೂಂ ಅನ್ನಲಿಲ್ಲ. ಅವನೇ ನಮಗೆ ತೊಂದರೆ ಕೊಡದೆ ಅದೇ ಸಂಜೆ ಹೊರಟುಹೋದ. ಅವತ್ತು ಹೇಳದೆ ಉಳಿದ ಮಾತು ಇಬ್ಬರ ಗಂಟಲಲ್ಲೂ ಕೂತುಬಿಟ್ಟಿದೆ. ಅದನ್ನು ನಾನು ಈಗ ಹೇಳುತ್ತೇನೆ, ನೀನು ಹೇಳಬೇಕಾಗಿಲ್ಲ. ಹೂಂ. ಮಾಡು.

ಬೇರೆಯವರ ಕೈಗೂ ಕೊಡಬೇಡ. ಅವನು ದುಡಿಯಲಿ ಎಂದು ಕಳಿಸಿದ್ದು. ಕೂರಿಸಿ ಊಟ ಹಾಕು ಎಂದು ಕಳಿಸಲಿಲ್ಲ.

ಕಟ್ಟಿಟ್ಟಿದ್ದ ಡಬ್ಬಗಳನ್ನೆಲ್ಲ ಬಿಚ್ಚಿ ನಿನ್ನ ಸಾಮಾನು ಅದರದರ ಜಾಗದಲ್ಲಿ ಇಟ್ಟಿದ್ದೇನೆ. ಪುಸ್ತಕಗಳ ಅನುಕ್ರಮ ಗೊತ್ತಾಗಲಿಲ್ಲ, ದಪ್ಪ ನೋಡಿ ಜೋಡಿಸಿದೆ.

ಅತ್ತೆ


ಫೆಬ್ರುವರಿ ೨೧

ಅತ್ತೆ,

ಮಾಡಿದೆ.

ಒಂದು ಸಲ ಅಲ್ಲ, ಮತ್ತೆ ಮತ್ತೆ ಮಾಡಿದೆವು. ಒಮ್ಮೆ ಬಂದದ್ದನ್ನು ನಮ್ಮವರು ಯಾರೂ ನಂಬುವುದಿಲ್ಲ. ಆದರೆ ನಿಮಗೆ ಮೊದಲ ದಿನದ್ದನ್ನೇ ಹೇಳುತ್ತೇನೆ.

ಎರಡು ತಟ್ಟೆ. ಎರಡರಲ್ಲೂ ಅವನವೇ ಕೋಶಗಳು. ಒಂದರಲ್ಲಿ ಹಳೆಯ ಜಿಗಣೆ, ಇನ್ನೊಂದರಲ್ಲಿ ಆ ಒಂದು ಜಾಗ ಬದಲಿಸಿದ್ದು. ಎರಡಕ್ಕೂ ಒಂದೇ ಶಾಖ ಕೊಟ್ಟೆ. ಆಮೇಲೆ ದೀಪ ಆರಿಸಿ ಸೂಕ್ಷ್ಮದರ್ಶಕದ ಮುಂದೆ ಕೂತೆ. ಕಾವಲುಗಾರ ಹುಟ್ಟಿದರೆ ಹಸಿರಾಗಿ ಹೊಳೆಯುವಂತೆ ಬಣ್ಣ ಹಾಕಿರುತ್ತೇವೆ. ಮೊದಲ ತಟ್ಟೆ ಕತ್ತಲು. ಎರಡನೆಯದರಲ್ಲಿ ಒಂದು ಮೂಲೆಯಲ್ಲಿ ಹಸಿರು ಚುಕ್ಕಿ. ಆಮೇಲೆ ಇನ್ನೊಂದು. ಆಮೇಲೆ ಎಲ್ಲ ಕಡೆ. ಜಿಗಣೆ ಅಡ್ಡ ನಿಂತಿರಲಿಲ್ಲ, ತಾನೇ ಓದಿಸುತ್ತಿತ್ತು. ಮೇಡಂ ನನ್ನ ಹೆಗಲು ಹಿಡಿದುಕೊಂಡರು. ಹಿಂದೆ ಯಾರೋ ಚಪ್ಪಾಳೆ ತಟ್ಟಲು ಹೋದರು, ಲೆನ್ಸ್ ‘ಶ್’ ಎಂದರು.

ಮರುದಿನ ಮಧ್ಯಾಹ್ನ ನೋಡಿದಾಗ ಅವು ಗುಂಡಗಾಗಿದ್ದವು. ಕೈಕಾಲು ಎಳೆದುಕೊಂಡು, ಒಂದೊಂದೇ ತಟ್ಟೆಯ ತಳ ಬಿಟ್ಟು ಮೇಲೆದ್ದವು. ಒದ್ದಾಟವಿಲ್ಲ. ಆಸ್ಪತ್ರೆಯಲ್ಲಿ ಕಂಡ ಯಾವುದೂ ಅಲ್ಲಿರಲಿಲ್ಲ.

ಎಲ್ಲವೂ ಸಾಯಲಿಲ್ಲ, ಕೆಲವು ಉಳಿದವು. ಯಾಕೆ ಎಂದು ತಿಳಿಯಲು ಇನ್ನೂ ವರ್ಷಗಳು ಬೇಕು. ಇದು ಔಷಧಿಯಲ್ಲ ಅತ್ತೆ. ತಟ್ಟೆಯಲ್ಲಿ ಆದದ್ದು ಮೈಯಲ್ಲಿ ಆಗುತ್ತದೆ ಎಂದೇನೂ ಇಲ್ಲ. ಆಗಲೇ ಇದು ಗೊತ್ತಿದ್ದರೂ ಅವನನ್ನು ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಹೀಗೆ ನನಗೆ ನಾನೇ ದಿನಾ ಹೇಳಿಕೊಳ್ಳುತ್ತೇನೆ, ಕೆಲವು ದಿನ ನಂಬುತ್ತೇನೆ.

ಇನ್ನೂ ಎರಡು ಲ್ಯಾಬಿನವರು ಈ ಕೋಶಗಳನ್ನು ಕೇಳಿದ್ದಾರೆ. ಹೆಪ್ಪುಗಟ್ಟಿಸಿದ ಸೀಸೆಗಳನ್ನು ಮೇಡಂ ಕಳಿಸುತ್ತಾರೆ. ಇಲ್ಲಿರುವವನ್ನು ನೋಡಿಕೊಳ್ಳುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದೆ. ಜಿಗಣೆಯ ಕೆಲಸ ನನ್ನದೇ, ಊಟ ಹಾಕುವುದು ಮಾತ್ರ ಇನ್ನು ನನ್ನದಲ್ಲ. ಹೋದ ಭಾನುವಾರ ಲ್ಯಾಬಿಗೆ ಹೋಗಲಿಲ್ಲ. ಮಲಗಿದ್ದೆ. ಅಂಗಡಿ ಮುಚ್ಚಿತ್ತು, ಕೆಳಗಿನಿಂದ ಯಾವ ಸದ್ದೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅಳದವಳು, ಮನೆಯಲ್ಲಿ ನಿಮ್ಮೆದುರು ಅಳದವಳು, ಆವತ್ತು ದಿಂಬಿಗೆ ಬಾಯಿ ಒತ್ತಿಕೊಂಡು ಸಂಜೆಯವರೆಗೆ ಅತ್ತೆ. ಪಕ್ಕದಲ್ಲಿ ನೀವಿರಬೇಕಿತ್ತು ಅನ್ನಿಸಿತು. ಪಾತ್ರೆ ತೊಳೆಯಲು ಎದ್ದು ಹೋದರೂ ಸರಿ, ಆ ಸದ್ದಾದರೂ ಕೇಳಬೇಕಿತ್ತು.

ಮೇಡಂ ಒಂದು ತಿಂಗಳು ರಜೆ ಕೊಟ್ಟಿದ್ದಾರೆ. ಮನೆಗೆ ಬರಬಹುದೇ?

ನಿಮ್ಮ ಸೊಸೆ


ಮಾರ್ಚ್ ೨

ಮಗಳೇ,

ಬರಬಹುದೇ ಎಂದು ಕೇಳುವವರು ನೆಂಟರು. ಮಗಳು ಇಂಥ ಬಸ್ಸಿಗೆ ಬರುತ್ತೇನೆ ಎಂದಷ್ಟೇ ಬರೆಯುತ್ತಾಳೆ.

ಒಬ್ಬಳೇ ಬಾ. ಮುಂದೆ ಯಾವಾಗಲಾದರೂ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬರಬೇಕು ಅನ್ನಿಸಿದರೂ ಈ ಮನೆಗೇ ಬಾ. ಪಾತ್ರೆ ತೊಳೆಯುವುದನ್ನು ಊಟಕ್ಕೆ ಮೊದಲೇ ಮುಗಿಸಿಟ್ಟಿರುತ್ತೇನೆ, ಏಳುವ ನೆವ ಇರಬಾರದು.

ನಿನ್ನ ಕಾಗದ ಬಂದ ಮಾರನೆಯ ದಿನ ನಡೆದದ್ದನ್ನು ಹೇಳಬೇಕು. ಅದಕ್ಕೆ ಮೊದಲು ನಿನಗೆ ಗೊತ್ತಿಲ್ಲದ್ದೊಂದನ್ನು ಹೇಳಬೇಕು. ಈ ಎರಡೂವರೆ ವರ್ಷ, ಹೊಸಬರು ಯಾರಾದರೂ ಮಗ ಏನು ಮಾಡುತ್ತಾನೆ ಎಂದು ಕೇಳಿದರೆ ನಾನು ‘ಅವನು ಊರಲ್ಲಿಲ್ಲ’ ಎನ್ನುತ್ತಿದ್ದೆ. ಸುಳ್ಳಲ್ಲವಲ್ಲ. ಕೇಳಿದವರು ಸುಮ್ಮನಾಗುತ್ತಿದ್ದರು. ನಾನೂ ಆ ದಿನ ಹಾಗೇ ಮನೆಗೆ ಬಂದು, ಎಲ್ಲೋ ಇದ್ದಾನೆ, ಬರುತ್ತಾನೆ ಎಂಬಂತೆ ಮಲಗುತ್ತಿದ್ದೆ. ನಿನಗೆ ಹಾವು, ಹಾಲು ಎಂದು ಬೈದು ಬರೆದೆನಲ್ಲ, ನಾನು ಎರೆಯುತ್ತಿದ್ದದ್ದೂ ಅದೇ ಹಾಲು.

ಮೊನ್ನೆ ಹೊಸದಾಗಿ ಸೇರಿದ ಹುಡುಗಿಯ ತಾಯಿ ಪೂಲಿನ ಕಟ್ಟೆಯ ಮೇಲೆ ಕೂತು ಮಾತಿಗೆಳೆದಳು. ‘ನಿಮಗೆಷ್ಟು ಮಕ್ಳು ಮೇಡಂ?’ ಎಂದಳು. ಕೌಂಟರಿನವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ಅವಳಿಗೆ ನನ್ನ ಉತ್ತರ ಬಾಯಿಪಾಠ.

‘ಒಬ್ಬ ಮಗ ಇದ್ದ’ ಎಂದೆ. ‘ತೀರ್ಕೊಂಡ. ಸೊಸೆ ಇದಾಳೆ, ರಜೆಗೆ ಮನೆಗೆ ಬರ್ತಾಳೆ.’

ಅತ್ತೆ